ಮಗಳ ಖಾಲಿ ಹಣೆ

ಗೊರೇಬಾಳ, ಸಿಂಧನೂರು ತಾಲೂಕು

ಧಮ್ಮ ಪ್ರಚಾರಕ್ಕೆ ಊರೂರು ತಿರುಗುತ್ತಿರುವ ನನ್ನ ಸಂಗಾತಿ ಪಂಪಾಪತಿಗೆ ಜೈಭೀಮ್.

ಕೂಸು, ನಾನು ಇಬ್ಬರೂ ಆರಾಮ. ನಿಮ್ಮ ಅವ್ವ ಸಿಟ್ಟಾಗಿ ತುರ್ವಿಹಾಳದ ಮಗಳ ಮನೆ ಸೇರಿದ್ದು ಕೇಳಿ, ಪ್ರಚಾರ ಬಿಟ್ಟು ಬರುತ್ತೇನೆಂದು ಬರೆದಿದ್ದೀರಿ. ಬರಬೇಡಿ.

ನಡೆದದ್ದು ಇಷ್ಟು. ಹೆರಿಗೆಯಾದ ಐದನೆಯ ದಿನ, ಸೆಟಿವೆವ್ವ ಬಂದು ಕೂಸಿನ ಹಣೆಬರಹ ಬರೆಯಲಿ ಎಂದು ಅತ್ತೆ ತೊಟ್ಟಿಲ ಬಳಿ ಹಾಳೆ, ಪೆನ್ನು ಇಟ್ಟರು. ನಾನು ತೆಗೆದುಬಿಟ್ಟೆ. "ಆ ಬುದ್ಧನ ಪುಸ್ತಕ ಓದಿ ಓದಿ ನನ್ನ ಮೊಮ್ಮಗಳ ಹಣಿ ಖಾಲಿ ಬಿಡ್ತೀಯೇನಬೇ?" ಎಂದು ಚೀಲ ಹಿಡಿದು ಹೊರಟೇಹೋದರು. ಬಾಣಂತಿಯಾದರೂ ನಾನು ಕರೆಯಲಿಲ್ಲ.

ನಿನ್ನೆ ಬುದ್ಧವಿಹಾರದಲ್ಲಿ ಹೆಸರಿಟ್ಟೆವು. ಅತ್ತೆ ಬಸ್ಸಿಳಿದು ಬಂದು ಹಿಂದೆ ನಿಂತಿದ್ದರು. ಪಕ್ಕದ ಓಣಿಯ ಹೆಂಗಸೊಬ್ಬಳು, "ಹಣೆಬರ ಇಲ್ಲದ ಕೂಸಿಗೆ ಹೆಸರರ ಯಾಕ?" ಎಂದು ನಕ್ಕಳು.

ಅತ್ತೆ ಮುಂದೆ ಬಂದರು. "ನನಗ ಬರದಿದ್ಲಲ್ಲ ಸೆಟಿವೆವ್ವ, ಏನ್ ಬರದ್ಲು? ಮಂದಿ ಗದ್ದ್ಯಾಗ ಬಗ್ಗಿ ಸಸಿ ಹಚ್ಚೋದು! ನನ್ನ ಮೊಮ್ಮಗಳ ಹಣಿ ಖಾಲಿನ ಇರ್ಲಿ, ನಿನಗೇನಬೇ?" ಎಂದು ಕೂಸನ್ನು ಎತ್ತಿಕೊಂಡರು. ಬುದ್ಧಂ ಶರಣಂ ಎಂದು ತ್ರಿಶರಣ ಹೇಳುವಾಗ ಎಲ್ಲರಿಗಿಂತ ಅವರ ದನಿಯೇ ಜೋರಾಗಿತ್ತು. ನೀವು ನೋಡಬೇಕಿತ್ತು.

ಮಗಳ ಹೆಸರು ವಿಶಾಖಾ. ಮನೆಗೆ ಬಂದ ಮೇಲೆ ಅತ್ತೆ ಅವಳ ಗಲ್ಲಕ್ಕೆ ಕಾಡಿಗೆಯಿಂದ ದೃಷ್ಟಿಬೊಟ್ಟು ಇಟ್ಟರು. ನಾನು ಒರೆಸಲಿಲ್ಲ. ಇದನ್ನು ನಿಮ್ಮ ಜೊತೆಗಾರರಿಗೆ ಹೇಳಬೇಡಿ.

ಪ್ರಚಾರಕ್ಕೆಂದು ಒಪ್ಪಿಕೊಂಡ ಒಂದು ವರ್ಷ ಮುಗಿಸಿಯೇ ಬನ್ನಿ.

ನಿಮ್ಮ
ಅಂಬಿಕಾ