ಏಳನೆಯ ಕಿರಣದ ದಾರಿ

ಹಳೆ ಚಿನ್ನದ ಸುರಂಗ, ಕೋಲಾರ ಸೀಮೆ
2391, ಫೆಬ್ರುವರಿ 30

ಹಿಂದಿನವರಿಗೆ,

ತಾರೀಕು ನೋಡಿ ನಗಬೇಡಿ. ತಿಂಗಳುಗಳನ್ನೆಲ್ಲ ಸರಿಮಾಡುವಾಗ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟರು. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಏಳನೇ ತರಗತಿವರೆಗೆ ಓದಿದವಳು. ಹೆಸರು ಪಾಪಮ್ಮ. ಸುರಂಗದ ನಲವತ್ತು ಮಂದಿಗೆ ಅಡುಗೆ ಮಾಡುತ್ತೇನೆ, ಬಿಡುವಾದಾಗ ದಿನಚರಿ ಬರೆಯುತ್ತೇನೆ. ವರ್ಷಕ್ಕೊಮ್ಮೆ ನಾವು ಹಿಂದಂಚೆ ಹಾಕುತ್ತೇವೆ. ಅಂದರೆ ಹಿಂದೆ ಬದುಕಿದ್ದವರಿಗೆ ಕಾಗದ ಬರೆದು ಸುರಂಗದ ಬಾಯಲ್ಲಿರುವ ಕಲ್ಲುಪೆಟ್ಟಿಗೆಗೆ ಹಾಕುತ್ತೇವೆ. ತಲುಪುತ್ತದೋ ಇಲ್ಲವೋ ಯಾರೂ ನೋಡಿಲ್ಲ. ಇಷ್ಟು ವರ್ಷ ನಾನು ಖಾಲಿ ಹಾಳೆ ಮಡಚಿ ಹಾಕುತ್ತಿದ್ದೆ. ಈ ಸಲ ಹೇಳುವುದಿದೆ.

ಚಿನ್ನಕ್ಕೆಂದು ತೋಡಿದ ಸುರಂಗದಲ್ಲಿ ಈಗ ದೂರದರ್ಶಕಗಳ ಪರೀಕ್ಷೆ ನಡೆಯುತ್ತದೆ. ಇಲ್ಲಿ ಗಾಳಿ ಅಲುಗುವುದಿಲ್ಲ. ಒಂದು ತುದಿಯಲ್ಲಿ ದೂರದರ್ಶಕದ ಕನ್ನಡಿ, ರಾಗಿ ಬಡಿಯುವ ಕಣದಷ್ಟು ಅಗಲ. ಅದನ್ನು ಹನ್ನೊಂದು ವರ್ಷ ಉಜ್ಜಿದವರು ಪಿಳ್ಳಪ್ಪಣ್ಣ. ಮುನ್ನೂರು ಹೆಜ್ಜೆಯಾಚೆ, ಇನ್ನೊಂದು ತುದಿಯಲ್ಲಿ, ನನ್ನ ಮಗಳು ವನಮಾಲ ಒಂಬತ್ತು ವರ್ಷ ಕೂತು ರೂಪಿಸಿದ ಯಂತ್ರ. ಅದರಿಂದ ಹತ್ತೊಂಬತ್ತು ಲೇಸರ್ ಕಿರಣಗಳು ಹೊರಡುತ್ತವೆ. ಪ್ರತಿಯೊಂದನ್ನೂ ಬೇಕಾದ ಜಾಗಕ್ಕೆ ಸರಿಸಬಹುದು, ಬೇಕಾದ ಕಡೆಗೆ ತಿರುಗಿಸಬಹುದು. ಎಲ್ಲವೂ ಒಂದರ ಪಕ್ಕ ಒಂದು, ಎಲ್ಲೂ ಹತ್ತಿರವಾಗದೆ ದೂರವಾಗದೆ ಹೋದರೆ, ಅದು ಬಲು ದೂರದ ನಕ್ಷತ್ರದ ಬೆಳಕೆಂದೇ ಕನ್ನಡಿ ನಂಬುತ್ತದೆ. ಕನ್ನಡಿ ಸರಿಯಿದ್ದರೆ ಹತ್ತೊಂಬತ್ತೂ ಒಂದೇ ಚುಕ್ಕೆಯಲ್ಲಿ ಕೂಡುತ್ತವೆ. ಮೊದಲ ದಿನ ನೋಡಿದಾಗ ನನಗೆ ಏನೂ ಕಾಣಲಿಲ್ಲ, ಬರೀ ಕತ್ತಲೆ. ಆಮೇಲೆ ಒಂದು ಧೂಳಿನ ಕಣ ತೇಲಿ ಬಂದು ಫಳ್ಳೆಂದು ಹೊಳೆದು ಹೋಯಿತು. ಕಿರಣ ಅಲ್ಲೇ ಇತ್ತು, ನನ್ನ ಮೊಣಕೈ ಪಕ್ಕದಲ್ಲೇ. ಕೈ ಹಿಂದೆಳೆದುಕೊಂಡೆ.

ಸುರಂಗಕ್ಕೆ ಬಿಸಿ ತರಬಾರದು. ಬಿಸಿಗಾಳಿ ಕಿರಣವನ್ನು ಬಗ್ಗಿಸುತ್ತದೆ. ಪರೀಕ್ಷೆಗೆ ಮೊದಲು ಎಲ್ಲರೂ ದಪ್ಪ ಅಂಗಿ ತೊಟ್ಟು ಒಂದು ಗಂಟೆ ಅಲುಗದೆ ಕೂರುತ್ತಾರೆ. ನಾನು ಮರೆತು ಕಾಫಿ ಹಿಡಿದು ಒಳಗೆ ಬಂದಾಗಲೆಲ್ಲ ವನಮಾಲ, "ಅಮ್ಮಾ, ಆಚೆ! ನಿನ್ ಕಾಫಿ ನನ್ ನಕ್ಷತ್ರ ಕುಣಿಸ್ತದೆ," ಎಂದು ಓಡಿಸುತ್ತಿದ್ದಳು. ಆಮೇಲೆ ಬಾಗಿಲಾಚೆ ಬಂದು ಎರಡು ಲೋಟ ಕುಡಿಯುತ್ತಿದ್ದಳು.

ಪುಷ್ಯದಲ್ಲಿ ಜ್ವರ ಬಂದು ಆರೇ ದಿನಕ್ಕೆ ಹೋದಳು. ಹನ್ನೊಂದನೇ ದಿನ ಎಡೆ ಇಟ್ಟು ಕಾದೆವು. ಈ ಸೀಮೆಯಲ್ಲಿ ಕಾಗೆ ಹೋಗಿ ನೂರು ವರ್ಷವಾಯಿತು, ಆದರೂ ಇಟ್ಟು ಕಾಯುತ್ತೇವೆ. ಸಂಜೆಯವರೆಗೂ ಯಾವುದೂ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆಯಿಂದ ನಾನೇ ಅವಳ ಗೂಡಿಗೆ ಕಾಫಿ ಇಡತೊಡಗಿದೆ. ಗೂಡು ಅಂದರೆ ಸುರಂಗದ ಗೋಡೆಯಲ್ಲಿ ಅವಳು ಕೂತು ಬರೆಯುತ್ತಿದ್ದ ಜಾಗ. ಕಾಫಿ ಆರದಿರಲೆಂದು ಕೆಳಗೆ ಕಾವುಕಲ್ಲು ಇಟ್ಟೆ, ಅದು ದಿನವಿಡೀ ಬಿಸಿ ಹಿಡಿದಿರುವ ಕಲ್ಲು. ಇಷ್ಟು ದೊಡ್ಡ ಸುರಂಗಕ್ಕೆ ಒಂದು ಲೋಟ ಏನು ಮಾಡೀತು ಎಂದುಕೊಂಡೆ. ಸತ್ತವರ ಜಾಗವನ್ನು ಮೂರು ತಿಂಗಳು ಯಾರೂ ಇಣುಕಿ ನೋಡುವುದಿಲ್ಲ, ಕೈಮುಗಿದು ಮುಖ ತಿರುಗಿಸಿ ದಾಟುತ್ತಾರೆ. ಹಾಗಾಗಿ ಲೋಟವನ್ನು ಯಾರೂ ನೋಡಲಿಲ್ಲ.

ಆ ವಾರ ಪರೀಕ್ಷೆ. ಹದಿನೆಂಟು ಕಿರಣ ಒಂದಾದವು. ಏಳನೆಯದು ಸಾಸಿವೆಯಷ್ಟು ಆಚೆ ನಿಂತು ನಡುಗುತ್ತಿತ್ತು. ಮೂರು ದಿನವೂ ಹಾಗೇ. ದೂರದರ್ಶಕ ಚಂದ್ರನ ಬೆನ್ನಿಗೆ ಹೋಗುವಂಥದ್ದು. ಅಲ್ಲಿ ಹೋದಮೇಲೆ ಯಾರೂ ತಿದ್ದಲಾಗದು. ಪಿಳ್ಳಪ್ಪಣ್ಣ ನನ್ನ ಹತ್ತಿರ ಬಂದು, "ನೊಂದ್ಕೋಬೇಡ ಪಾಪಕ್ಕ. ನಿನ್ ಮಗಳ ಯಂತ್ರಕ್ಕೆ ಮೆಳ್ಳೆಗಣ್ಣು. ನಾಳೆ ಬಿಚ್ಚಿಬಿಡ್ತೀವಿ," ಎಂದರು. ಒಂಬತ್ತು ವರ್ಷ. ಬಿಚ್ಚಿದರೆ ಮತ್ತೆ ಜೋಡಿಸಲು ಅವಳಿಲ್ಲ.

ವನಮಾಲಳ ಜೊತೆಗಾತಿ ಜುಬೇದಾ ಸುಮ್ಮನಿರಲಿಲ್ಲ. "ನಿಮ್ ಕನ್ನಡಿ ಏನು ಆಕಾಶದಿಂದ ಉದುರಿದ್ದಾ ಅಣ್ಣಾ? ಮೊದಲು ಅವಳ ಪುಸ್ತಕ ನೋಡಣ," ಎಂದಳು. ಜುಬೇದಾಳ ಬಳಿಯೇ ಇದ್ದ ಆ ಪುಸ್ತಕದ ಮೊದಲ ಪುಟದಲ್ಲೇ ನನ್ನ ಮಗಳ ದುಂಡಕ್ಷರ: ಮೊದಲು ಕಿರಣ ಬದಲಿಸು, ಆಮೇಲೆ ನಕ್ಷತ್ರ ಸರಿಸು, ಕೊನೆಗೆ ಬಯ್ಯು.

ಏಳನೆಯದರ ಜಾಗಕ್ಕೆ ಹನ್ನೊಂದನೆಯ ಕಿರಣ ತಂದರು. ಅದೂ ಅಷ್ಟೇ ಆಚೆ ಬಿತ್ತು. ಅಂದರೆ ತಪ್ಪು ಕಿರಣದ್ದಲ್ಲ. ಪಿಳ್ಳಪ್ಪಣ್ಣ ತಿರುಗಿ ತಮ್ಮ ಕನ್ನಡಿಯನ್ನು ನೋಡಿದರು. ಹನ್ನೊಂದು ವರ್ಷ ಅವರದೂ. ಆಮೇಲೆ ಎಲ್ಲ ಕಿರಣಗಳನ್ನೂ ಕೊಂಚ ಓರೆಗೆ ತಿರುಗಿಸಿದರು, ನಕ್ಷತ್ರ ಆಕಾಶದಲ್ಲಿ ಪಕ್ಕಕ್ಕೆ ಸರಿದ ಹಾಗೆ. ಕನ್ನಡಿಯ ಅದೇ ಜಾಗಕ್ಕೆ ಕಿರಣ ಬೇರೆ ದಾರಿಯಿಂದ ಬಂತು. ಹತ್ತೊಂಬತ್ತೂ ಒಂದೇ ಚುಕ್ಕೆ. ತಪ್ಪು ಕನ್ನಡಿಯದೂ ಅಲ್ಲ.

"ಹಾಗಾದ್ರೆ ದಾರಿಯಲ್ಲೇ ಏನೋ ಇದೆ," ಎಂದಳು ಜುಬೇದಾ. ಏಳನೆಯ ಕಿರಣ ಗೋಡೆಗೆ ಒತ್ತಿಕೊಂಡು, ವನಮಾಲಳ ಗೂಡಿನ ಬಾಯಿ ಮೇಲೆಯೇ ಹಾದುಹೋಗುತ್ತದೆ. ನನ್ನ ಕಾಫಿ ಇದ್ದದ್ದು ಅಲ್ಲೇ. ಯಾರಿಗೂ ಹೇಳದೆ ಹೋಗಿ ಲೋಟ, ಕಲ್ಲು ಎರಡನ್ನೂ ಸೆರಗಿನಲ್ಲಿ ಹಿಡಿದು ಆಚೆ ತಂದೆ. ತಂದದ್ದನ್ನು ಎಲ್ಲರೂ ನೋಡಿದರು. ಬಯ್ಯುತ್ತಾರೆಂದುಕೊಂಡೆ. ಪಿಳ್ಳಪ್ಪಣ್ಣ ತಲೆಯ ಟೋಪಿ ತೆಗೆದು ನಿಂತರು, ಅಷ್ಟೆ.

ಗಂಟೆ ಕಳೆದು ಕಿರಣಗಳನ್ನು ಮತ್ತೆ ಮೊದಲಿನ ದಾರಿಗೆ ತಂದರು. ನನ್ನನ್ನೂ ಕರೆದು ತೋರಿಸಿದರು. ಹತ್ತೊಂಬತ್ತೂ ಒಂದು. ಸೂಜಿಮೊನೆಯಷ್ಟು, ಕಣ್ಣು ಮಿಟುಕಿಸದ ಒಂದೇ ನಕ್ಷತ್ರ. ಕೋಟಿ ವರ್ಷ ನಡೆದು ಬರುವ ಬೆಳಕಿಗೆಂದು ಕಟ್ಟಿದ ಯಂತ್ರ ಒಂದು ಲೋಟ ಕಾಫಿಯ ಬಿಸಿಯನ್ನೂ ಬಿಡದೆ ಕಂಡಿತ್ತು. ಕಾಗೆ ಮುಟ್ಟದ ಎಡೆಯನ್ನು ನನ್ನ ಮಗಳ ಕಿರಣ ಮೂರು ದಿನ ಮುಟ್ಟಿತ್ತು. ನಾನೇ ಗುರುತಿಸಲಿಲ್ಲ.

ಆ ಕಾಫಿಯನ್ನು ಬಾಗಿಲಾಚೆ ಕೂತು ನಾನೇ ಕುಡಿದೆ. ಇನ್ನೂ ಬಿಸಿಯಿತ್ತು. ಅವಳ ಗೂಡಿಗೆ ಮತ್ತೆ ಏನೂ ಇಟ್ಟಿಲ್ಲ.

ನಿಮ್ಮ ಕಾಲದಲ್ಲಿ ಕಾಗೆಗಳು ಇನ್ನೂ ಇವೆಯಂತೆ, ಕರೆದರೆ ಗೋಡೆ ಮೇಲೆ ಬಂದು ಕೂರುತ್ತವಂತೆ. ಅವನ್ನು ಉಳಿಸಿಕೊಳ್ಳಿ. ಎಲ್ಲ ತಾಯಂದಿರಿಗೂ ಇಂಥ ಯಂತ್ರ ಕಟ್ಟಿಟ್ಟು ಹೋದ ಮಗಳು ಇರುವುದಿಲ್ಲ.

ಇಂತು,
ವನಮಾಲಳ ತಾಯಿ ಪಾಪಮ್ಮ