ಚಾಕುವಿಗೇ ಕಸಿ

ಮನೆಯಿಂದ,
ಜುಲೈ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ದಿನವಿಡೀ ವಾರ್ಡಿನಿಂದ ವಾರ್ಡಿಗೆ ಓಡಾಡುವ ನರ್ಸಮ್ಮನಿಗೆ ಸ್ವಲ್ಪ ಕೂತುಕೋ ಎಂದರೆ ಕೇಳುತ್ತಾಳೆಯೇ? ಆದರೂ ಹೇಳುತ್ತಿದ್ದೇನೆ. ಭಾವನ ಕೆಮ್ಮು ನಿಂತಿತೇ? ಇಲ್ಲಿ ಅಪ್ಪ ಆರೋಗ್ಯವಾಗಿದ್ದಾರೆ. ಕಣ್ಣು ಮಾತ್ರ ಇನ್ನಷ್ಟು ಮಂಜಾಗಿದೆ. ಬಾಗಿಲಿಗೆ ಬಂದವರನ್ನು ಚಪ್ಪಲಿಯ ಸದ್ದಿನಿಂದಲೇ ಗುರುತು ಹಿಡಿಯುತ್ತಾರೆ, ನನ್ನನ್ನು ಮಾತ್ರ ಅಂಟಿನ ವಾಸನೆಯಿಂದಂತೆ! ಮೂವತ್ತು ವರ್ಷ ಪುಸ್ತಕಗಳಿಗೆ ಬೈಂಡ್ ಹಾಕಿದವನ ಮೈಯಿಂದ ಮಲ್ಲಿಗೆಯ ಪರಿಮಳ ಬಂದೀತೇ?

ನೀನು ಫೋನ್ ಮಾಡಿದಾಗ ಅಪ್ಪನ ಜೊತೆ ಮಾತಾಡಿ ಇಟ್ಟುಬಿಡುತ್ತೀಯ. ನಾನೂ ಪಕ್ಕದಲ್ಲೇ ಕೂತು ಸುಮ್ಮನಿರುತ್ತೇನೆ. ಏಕೆಂದು ಇಬ್ಬರಿಗೂ ಗೊತ್ತು. ಅದಕ್ಕೇ ಈ ಕಾಗದ. ಹೋದ ತಿಂಗಳು ಅಪ್ಪನಿಗೆ ಎಂಬತ್ತು ತುಂಬಿದಾಗ ನಾನೊಂದು ಘನಕಾರ್ಯ ಮಾಡಿದೆ. ಅದನ್ನು ನಿನಗೆ ಹೇಳದೆ ಇರಲಾರೆ.

ನನ್ನ ಚಾಕುಗಳ ಹುಚ್ಚು ನೀನು ಕಂಡದ್ದೇ. ಈಗ ನಲವತ್ತೊಂದು ಆಗಿವೆ, ಎಲ್ಲವೂ ಮಡಿಸಿ ಜೇಬಿನಲ್ಲಿಡುವ ಹಳೆಯ ಕಾಲದವು. ಕುರಿ ಕಾಯುವವನದ್ದೊಂದು, ಹಡಗಿನವನದ್ದೊಂದು, ಪೆನ್ಸಿಲ್ ಹೆರೆಯುತ್ತಿದ್ದ ಗುಮಾಸ್ತನದ್ದೊಂದು. ಯಾರದೋ ಕೈಯಲ್ಲಿ ಸವೆದದ್ದನ್ನು ಹಿಡಿದರೆ ಆ ಮನುಷ್ಯ ಒಂದು ಗಳಿಗೆ ನನ್ನ ಎದುರು ಬಂದು ಕೂತ ಹಾಗಾಗುತ್ತದೆ. ಅವುಗಳ ನಡುವೆ ಅಪ್ಪನ ಚಾಕು. ಸಸಿಗಳ ತೋಟದಲ್ಲಿ ನಲವತ್ತು ವರ್ಷ ಅವರು ಗಿಡಗಳಿಗೆ ಕಸಿ ಕಟ್ಟಿದ್ದು ಅದರಿಂದಲೇ. ಸಾಣೆ ಹಿಡಿದು ಹಿಡಿದು ಅಲಗು ಅರ್ಧವಾಗಿತ್ತು, ಕೊಂಬಿನ ಹಿಡಿಯಲ್ಲಿ ಹೆಬ್ಬೆರಳು ಒತ್ತುವ ಕಡೆ ಸಣ್ಣ ಗುಳಿ ಬಿದ್ದಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಅದೊಂದೇ ಬಡಪಾಯಿಯ ಹಾಗೆ ಕಾಣುತ್ತಿತ್ತು. ಹುಟ್ಟುಹಬ್ಬಕ್ಕೆ ಹೊಸದು ಮಾಡಿಸಿ ಕೈಗಿಡೋಣವೆಂದು ಬೀದಿಯ ತುದಿಯ ಸಾಣೆ ಮಾಮನ ಅಂಗಡಿಗೆ ಕೊಟ್ಟೆ. "ಹಿಡಿ ಸವೆದಿದೆ, ಬದಲಾಯಿಸ್ಲಾ?" ಎಂದು ಅವರು ಕೇಳಿದರು. "ಎಲ್ಲಾ ಬದಲಾಯಿಸಿ, ಫಳಫಳ ಅನ್ಬೇಕು" ಎಂದುಬಿಟ್ಟೆ. ನಲವತ್ತೊಂದು ಹಳೆಯ ಚಾಕು ಕೂಡಿಟ್ಟವನ ಬಾಯಿಂದ ಬಂದ ಮಾತು ನೋಡು!

ಹುಟ್ಟುಹಬ್ಬದ ದಿನ ಕೈಗಿಟ್ಟಾಗ ಅಪ್ಪ ಅದನ್ನು ಬಿಚ್ಚಿದರು, ಮಡಿಸಿದರು, ಹಿಡಿಯ ಮೇಲೆ ಎರಡು ಮೂರು ಸಲ ಹೆಬ್ಬೆರಳು ಆಡಿಸಿದರು. "ಚೆನ್ನಾಗಿದೆ ಕಣೋ. ಆದ್ರೆ ಇದು ನಂದಲ್ಲ. ಯಾರು ಕಳ್ಕೊಂಡು ಹುಡುಕ್ತಿದಾರೋ ಪಾಪ, ವಾಪಸ್ ಕೊಟ್ಬಿಡು" ಎಂದರು. ನಿಮ್ಮದೇ ಅಪ್ಪಾ, ರಿಪೇರಿ ಮಾಡಿಸಿದ್ದು ಎಂದರೆ, "ನಿಂಗೆ ಯಾರೋ ಟೋಪಿ ಹಾಕಿದಾರೆ" ಎಂದು ನನ್ನ ಮೇಲೇ ಮರುಕಪಟ್ಟರು. ಮಾರನೆಯ ದಿನದಿಂದ ಎದ್ದ ಕೂಡಲೇ, "ನನ್ ಚಾಕು ಸಿಕ್ತಾ?" ದಿಂಬಿನ ಕೆಳಗೆ, ಹಳೆಯ ಕೋಟಿನ ಜೇಬುಗಳಲ್ಲಿ ತಡಕಾಡುವುದು. ನೋಡಲಾಗಲಿಲ್ಲ ಅಕ್ಕಾ.

ನಾಲ್ಕನೆಯ ದಿನ ಕೆಲಸಕ್ಕೆ ರಜೆ ಹಾಕಿ ಸಾಣೆ ಮಾಮನ ಬಳಿ ಓಡಿದೆ. ಅವರು ಬೆಂಚಿನ ಕೆಳಗಿದ್ದ ರದ್ದಿಯ ಗೋಣಿಚೀಲ ತೋರಿಸಿದರು. ಕೊಂಬಿನ ಚೂರು, ಹಿತ್ತಾಳೆಯ ಪುಡಿ, ಮುರಿದ ಕತ್ತರಿಗಳ ನಡುವೆ ನೆಲದ ಮೇಲೆ ಕೂತು ಸಂಜೆಯವರೆಗೂ ಕೆದಕಿದೆ. ಹಿಡಿಯ ಒಂದು ಪಕ್ಕ ಸಿಕ್ಕಿತು, ಗುಳಿ ಇದ್ದ ಪಕ್ಕ. ಇನ್ನೊಂದು ಕಸದ ಜೊತೆ ಹೋಗಿರಬೇಕು. "ಒಂದು ಪಕ್ಕ ಹಳೇದು, ಇನ್ನೊಂದು ಹೊಸದು, ನೋಡೋಕೆ ಚೆನ್ನಾಗಿರಲ್ಲ" ಎಂದರು ಮಾಮ. ನೋಡುವವರಿಗಲ್ಲ, ಹಿಡಿಯುವವರಿಗೆ ಎಂದು ಹಾಕಿಸಿಕೊಂಡು ಬಂದೆ.

ಅಪ್ಪನ ಹೆಬ್ಬೆರಳು ಹಿಡಿಯ ಮೇಲೆ ಜಾರುತ್ತಾ ಹೋಗಿ ಆ ಗುಳಿಯಲ್ಲಿ ಕೂತಿತು. ಎರಡು ಸಲ ಒತ್ತಿ ನೋಡಿದರು. ಆಮೇಲೆ, "ಹಾಂ, ಈ ಪಕ್ಕ ನಂದು" ಎಂದರು. ನನಗೆ ತಡೆಯಲಾಗದೆ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಬೈಯುತ್ತಾರೆಂದು ತಲೆ ತಗ್ಗಿಸಿದ್ದರೆ, ಹೊಟ್ಟೆ ಹಿಡಿದುಕೊಂಡು ನಕ್ಕರು: "ನಾನು ಗಿಡಕ್ಕೆ ಕಸಿ ಕಟ್ಟಿದ್ರೆ ನೀನು ಚಾಕೂಗೇ ಕಟ್ಟಿದ್ಯಲ್ಲೋ!" ಆವತ್ತಿನಿಂದ ಅದು ಅವರ ಅಂಗಿಯ ಜೇಬಿನಲ್ಲಿದೆ.

ನಿನ್ನ ಮಂಡಿಗೆ ಎಣ್ಣೆ ಹಚ್ಚುವುದು ಮರೆಯಬೇಡ. ಭಾವನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಅಜ್ಜನ ಆಶೀರ್ವಾದ.

ಇತಿ,
ನಿನ್ನ ತಮ್ಮ

ತಾ.ಕ.: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅಪ್ಪ ಕೆಲಸ ಬಿಟ್ಟ ವರ್ಷ ನೀನು ಈ ಚಾಕು ಕೇಳಿದಾಗ, "ನಿಂಗ್ಯಾಕೆ, ತರಕಾರಿ ಹೆಚ್ಚೋಕಾ?" ಎಂದು ನಕ್ಕು, ನನ್ನ ಪೆಟ್ಟಿಗೆಗೆ ಸೇರಿಸಿಕೊಂಡುಬಿಟ್ಟಿದ್ದೆ. ನಮ್ಮ ಮಾತು ನಿಂತದ್ದು ಆಗಲೇ. ತಪ್ಪಾಯಿತು ಅಕ್ಕಾ. ಗುರುವಾರ ಅಪ್ಪ ತಾವಾಗಿಯೇ, "ಇದನ್ನ ನಿಮ್ಮಕ್ಕಂಗೆ ಕೊಡ್ಬೇಕು" ಎಂದರು. ಮರುದಿನ ಪಾರ್ಸೆಲ್ ಮಾಡಲು ಹೋದರೆ, ಚಾಕು ತೆಗೆದುಕೊಳ್ಳುವುದಿಲ್ಲ ಎಂದು ಅಂಚೆಯವರು ತಿರುಗಿ ಕಳಿಸಿದರು. ಮೆಟ್ಟಿಲು ಇಳಿಯುತ್ತಾ, ಒಳ್ಳೆಯದೇ ಆಯಿತು ಅನ್ನಿಸಿತು. ನೀನೇ ಬಾ. ಅಪ್ಪನ ಕೈಯಿಂದಲೇ ಇಸಿದುಕೋ. ಬಸ್ ನಿಲ್ದಾಣಕ್ಕೆ ನಾನು ಬಂದಿರುತ್ತೇನೆ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ, ನಿನ್ನ ಚೀಲ ಹೊತ್ತುಕೊಂಡು ಹಿಂದೆ ಬರುತ್ತೇನೆ.