ಎರಡು ಕೆಜಿ ಕಲ್ಲು

ಭಾನುವಾರ, ಮಧ್ಯಾಹ್ನ

ಟೈಲರ್ ಅಕ್ಕನಿಗೆ,

ಕ್ಷೇಮವೇ ಎಂದು ಕೇಳಲು ನನಗೆ ಬಾಯಿಲ್ಲ. ನಿಮ್ಮ ಮಗ ಜೈಲಿನಲ್ಲಿದ್ದಾನೆ, ನಮ್ಮನೆಯವರು ಮಣ್ಣಿನಲ್ಲಿದ್ದಾರೆ. ನಮ್ಮಿಬ್ಬರ ನಡುವೆ ಇನ್ನೆಂಥ ಕ್ಷೇಮ! ನನ್ನ ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದ್ದು ಮಾಡಿ.

ತೀರ್ಪು ಬಂದ ದಿನ ಕೋರ್ಟಿನ ಮೆಟ್ಟಿಲ ಮೇಲೆ ನೀವು ನನ್ನ ಕೈ ಹಿಡಿದುಕೊಂಡು, ನಮ್ಮ ಹುಡುಗ ಅಂಥೋನಲ್ಲ ಕಣೇ, ಹೊಡೆದು ಹೇಳಿಸಿದಾರೆ ಎಂದಿರಿ. ನಾನು ಕೈ ಕೊಸರಿಕೊಂಡು, ಹೆತ್ತೋರಿಗೆ ಹೆಗ್ಗಣ ಮುದ್ದು ಎಂದು ಎಲ್ಲರೆದುರೇ ಅಂದೆ. ನನ್ನ ನಾಲಿಗೆ ನಿಮಗೆ ಗೊತ್ತೇ ಇದೆ. ತೋಳು ಬಿಗಿಯಾಗಿ ಹೊಲಿದಿರಿ ಎಂದು ಇಡೀ ಬೀದಿಗೆ ಕೇಳುವಂತೆ ಕೂಗಾಡಿದವಳಲ್ಲವೇ!

ಆದರೆ ಅವನೇ ಮಾಡಿದ ಎಂದು ನಂಬದೆ ಇರುವುದು ಹೇಗೆ, ಹೇಳಿ? ಪೊಲೀಸರು ಹಿಡಿದದ್ದು ಇಬ್ಬರನ್ನು: ಪೇಂಟರ್ ಕೆಲಸದ ನಿಮ್ಮ ಮಗ, ಪಂಕ್ಚರ್ ಅಂಗಡಿಯ ಅವನ ಸ್ನೇಹಿತ. ಇಬ್ಬರೂ ತಪ್ಪೊಪ್ಪಿಕೊಂಡರು. ಹೊಡೆದವನು ಅವನು ಎಂದು ಇವನು, ಇವನು ಎಂದು ಅವನು. ಆದರೂ ಒಂದು ವಿಷಯದಲ್ಲಿ ಇಬ್ಬರ ಮಾತೂ ಕೂಡಿತ್ತು. ನಮ್ಮ ದಿನಸಿ ಅಂಗಡಿಯ ತಕ್ಕಡಿಯ ಪಕ್ಕದಲ್ಲಿದ್ದ ಎರಡು ಕೆಜಿ ತೂಕದ ಕಲ್ಲಿನಿಂದ ನಮ್ಮನೆಯವರ ತಲೆಗೆ ಹೊಡೆದು, ಗಲ್ಲಾಪೆಟ್ಟಿಗೆ ಬಳಿದುಕೊಂಡು, ಓಡುವಾಗ ಕಲ್ಲನ್ನು ಕಾಲುವೆಗೆ ಎಸೆದೆವು ಎಂದಿದ್ದರು. ಕೋರ್ಟಿಗೆ ಬಂದಾಗ ಇಬ್ಬರೂ ಮಾತು ಬದಲಿಸಿ, ಪೊಲೀಸರು ಹೇಳಿಕೊಟ್ಟದ್ದನ್ನೇ ಒಪ್ಪಿಸಿದೆವು ಎಂದರು. ಹಾಗಾದರೆ ಆ ಕಲ್ಲು ಎಲ್ಲಿ ಹೋಯಿತು ಎಂದು ನ್ಯಾಯಾಧೀಶರು ಕೇಳಿದರು. ಇಬ್ಬರಿಗೂ ಶಿಕ್ಷೆಯಾಯಿತು.

ಆ ಕಲ್ಲಿನ ಮಾತು ಮೊದಲು ಎತ್ತಿದವಳು ನಾನು. ಅವರು ಸತ್ತ ಮರುದಿನ ಇನ್ಸ್‌ಪೆಕ್ಟರ್ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಏನೇನು ಕಾಣ್ತಿಲ್ಲ ನೋಡಮ್ಮ ಎಂದಿದ್ದರು. ಕಲ್ಲುಗಳ ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಒಂದು ಜಾಗ ಖಾಲಿ. ಎರಡು ಕೆಜಿದು ಇಲ್ಲ ಸಾರ್ ಅಂದೆ. ಅವರು ಬರೆದುಕೊಂಡರು. ಆಗ ನಿಮ್ಮ ಮಗನನ್ನು ಇನ್ನೂ ಹಿಡಿದಿರಲಿಲ್ಲ.

ಆಮೇಲೆ ನಾನು ಮಗನ ಮನೆ ಸೇರಿದೆ, ಈ ಮನೆಗೆ ಬೀಗ ಬಿತ್ತು. ಈಗ ಖಾಲಿ ಮಾಡಿ ಕೊಡಬೇಕೆಂದು ನಾನೂ ಮಗನೂ ಬಂದಿದ್ದೆವು. ನಿನ್ನೆ ಹಿಂದಿನ ಸಾಮಾನು ಕೋಣೆ ತೆಗೆದೆ. ಅದು ನಮ್ಮನೆಯವರ ಸಾಮ್ರಾಜ್ಯ. ಜುಗ್ಗ ಅಂದರೆ ಅಂಥಿಂಥ ಜುಗ್ಗರಲ್ಲ, ಒಂದು ಸಾಮಾನೂ ಎಸೆದವರಲ್ಲ. ಕೊಡೆಯ ಹಿಡಿ, ಮೊಮ್ಮಗಳ ಗೊಂಬೆಯ ಕಾಲು, ನನ್ನ ಕನ್ನಡಕ, ಎಲ್ಲಕ್ಕೂ ಗೋಂದು. ಅಂಟಿಸಿದ್ದರ ಮೇಲೆ ಭಾರ ಹೇರಬೇಕಲ್ಲ, ಅದಕ್ಕೆ ಅಂಗಡಿಯಿಂದ ಒಂದು ಕಲ್ಲು ಚೀಲದಲ್ಲಿ ಮನೆಗೆ ಬರುತ್ತಿತ್ತು. ಆಗ ಯಾರಾದರೂ ಎರಡು ಕೆಜಿ ಸಕ್ಕರೆ ಕೇಳಿದರೆ ಒಂದು ಕೆಜಿ ಕಲ್ಲಿನಲ್ಲೇ ಎರಡು ಸಲ ತೂಗುತ್ತಿದ್ದರು. ಯಾವ ಮುರುಕಲು ಮಲಗಿದೆಯಪ್ಪಾ ಮನೇಲಿ ಎಂದು ನೀವೇ ಒಮ್ಮೆ ನಕ್ಕಿದ್ದಿರಿ. ಇನ್ಸ್‌ಪೆಕ್ಟರ್ ಕೇಳಿದ ಹೊತ್ತಿನಲ್ಲಿ ಇದೆಲ್ಲ ನನ್ನ ತಲೆಗೆ ಎಲ್ಲಿ ಹೊಳೆಯಬೇಕು!

ಕೋಣೆಯ ಬಾಗಿಲ ಹಿಂದೆ ನೆಲದ ಮೇಲೆ ನನ್ನ ಎಡಗಾಲಿನ ಚಪ್ಪಲಿ ಇತ್ತು. ಅದರ ಮೇಲೆ ಎರಡು ಕೆಜಿ ಕಲ್ಲು, ನೆತ್ತಿಯಲ್ಲಿ ಹಸಿರು ಚುಕ್ಕೆ. ಪಕ್ಕದಂಗಡಿಯ ಕಲ್ಲುಗಳ ಜೊತೆ ಬೆರೆಯಬಾರದೆಂದು ಆ ಚುಕ್ಕೆ ಇಟ್ಟವನು ನಿಮ್ಮ ಮಗನೇ, ಅಕ್ಕಾ. ಕೂಲಿ ಬೇಡ, ಒಂದು ಲೋಟ ಕಾಫಿ ಕೊಡಿ ಸಾಕು ಅಂದಿದ್ದ.

ಆ ಚಪ್ಪಲಿ ಕಿತ್ತುಹೋದದ್ದು ಅವರು ಸತ್ತ ದಿನ ಬೆಳಿಗ್ಗೆ. ಮಧ್ಯಾಹ್ನ ಊಟಕ್ಕೆ ಬಂದಾಗ ಅಂಟಿಸಿಟ್ಟು ಹೋಗಿದ್ದಾರೆ. ಸಂಜೆ ಸುದ್ದಿ ಬಂದಾಗ ನಾನು ಬರಿಗಾಲಲ್ಲಿ ಓಡಿದ್ದನ್ನು ಬೀದಿಯವರೆಲ್ಲ ನೋಡಿದ್ದಾರೆ. ಅಂದರೆ ಆ ಕಲ್ಲಿನಿಂದ ಯಾರೂ ಅವರನ್ನು ಹೊಡೆಯಲಿಲ್ಲ, ಯಾರೂ ಅದನ್ನು ಕಾಲುವೆಗೆ ಎಸೆಯಲಿಲ್ಲ. ನನ್ನ ಬಾಯಿಂದ ಬಿದ್ದ ಮಾತನ್ನು ಆ ಹುಡುಗರ ಬಾಯಿಗೆ ತುರುಕಿದ್ದಾರೆ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಮಗನಿಗೆ ತೋರಿಸಿದೆ. ಅಮ್ಮಾ, ಇದನ್ನ ನೋಡ್ಲೇ ಇಲ್ಲ ಅಂದ್ಕೋ, ಅವರಿಬ್ಬರೂ ಹೊರಗೆ ಬಂದ್ರೆ ಅಪ್ಪನ್ನ ಕೊಂದೋರು ಯಾರೂ ಇಲ್ಲ ಅಂತಾಗುತ್ತೆ, ಇನ್ಮೇಲೆ ಯಾರು ಹುಡುಕ್ತಾರೆ ಎಂದ. ಅವನನ್ನು ಬೈಯಲಾರೆ. ನನಗೂ ಮೊದಲು ಅನಿಸಿದ್ದು ಅದೇ. ನಿಮ್ಮ ಮಗನಿಗೆ ಹಿಡಿಶಾಪ ಹಾಕುತ್ತ ಇಷ್ಟು ದಿನ ತಳ್ಳಿದವಳು ನಾನು. ಇನ್ನು ಯಾರಿಗೆ ಶಾಪ ಹಾಕಲಿ? ಬಾಯಿ ಬಿಟ್ರೆ ನಮ್ಮನೆ ಕಡೆ ಬರಬೇಡ ಎಂದು ಹೇಳಿ ಅವನು ಬೆಳಿಗ್ಗೆ ಹೊರಟುಹೋದ. ತಿರುಗಿ ಕೂಡ ನೋಡಲಿಲ್ಲ.

ಒಂದು ಮಾತು ಬಿಚ್ಚಿ ಹೇಳುತ್ತೇನೆ. ನಿಮ್ಮ ಮಗ ಆ ಸಂಜೆ ಅಂಗಡಿಗೆ ಬಂದೇ ಇರಲಿಲ್ಲ ಎಂದು ನಾನು ಹೇಳಲಾರೆ, ಅದು ನನಗೆ ಗೊತ್ತಿಲ್ಲ. ಗೊತ್ತಿರುವುದು ಕಲ್ಲಿನ ವಿಷಯ. ಅಷ್ಟನ್ನು ಯಾವ ಕೋರ್ಟಿನಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಮುದುಕಿಗೆ ಅರಳುಮರಳು, ತಾನೇ ತಂದಿಟ್ಟಿದಾಳೆ ಅನ್ನುವವರು ಇದ್ದೇ ಇರುತ್ತಾರೆ. ಅದಕ್ಕೇ ಮುಟ್ಟಿಲ್ಲ, ಧೂಳು ಕೂಡ ಒರೆಸಿಲ್ಲ. ಕೋಣೆಗೆ ಬೀಗ ಹಾಕಿ ಇಲ್ಲೇ ಕೂತಿದ್ದೇನೆ. ನಿಮ್ಮ ವಕೀಲರನ್ನು ಕರೆದುಕೊಂಡು ಬೇಗ ಬನ್ನಿ.

ಅವತ್ತು ಮೆಟ್ಟಿಲ ಮೇಲೆ ಆಡಿದ ಮಾತನ್ನು ಮರೆಯಿರಿ ಎನ್ನುವುದಿಲ್ಲ. ನೀವು ಬಂದರೆ ಸಾಕು.

ಇಂತಿ,
ಅಂಗಡಿಯವರ ಹೆಂಡತಿ

ತಾ.ಕ.: ಚಪ್ಪಲಿ ಕಿತ್ತ ಆ ಬೆಳಿಗ್ಗೆ, ಹೆಂಡ್ತಿಗೆ ಒಂದು ಜೊತೆ ಚಪ್ಪಲಿ ಕೊಡಿಸೋ ಯೋಗ್ಯತೆ ಇಲ್ಲ ನಿಮಗೆ ಎಂದು ರೇಗಿದ್ದೆ. ಅವರು ಅಂಗಡಿಗೆ ಹೋಗಿ, ಮಧ್ಯಾಹ್ನ ಚೀಲದಲ್ಲಿ ಆ ಕಲ್ಲು ತಂದಿದ್ದಾರೆ. ವಕೀಲರು ಕಲ್ಲನ್ನು ಒಯ್ಯಲಿ, ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಲಿ. ಚಪ್ಪಲಿಯನ್ನು ಮಾತ್ರ ಹೇಗಾದರೂ ಮಾಡಿ ನನಗೆ ವಾಪಸ್ ಕೊಡಿಸಿ, ಅಕ್ಕಾ. ಬಲಗಾಲಿನದನ್ನು ನಾನಿನ್ನೂ ಎಸೆದಿಲ್ಲ.